ದಸರಾ ರಜೆಗೆ ನಾವೆಲ್ಲ ಒಟ್ಟಿಗೆ ಕೆಲಸಕ್ಕೆ ಹೋಗದಿದ್ದರೆ ಏನಾಗುತ್ತೆ, ಮೇಡಂ?

ಪ್ರಶ್ನೆ: ಮೇಡಂ, ನಾನು ಚಿಕ್ಕಮಗಳೂರಿನಿಂದ ಗಿರಿ ಕಡೆ ಹೋಗುವ ದಾರಿಯ ಒಂದು ರೆಸಾರ್ಟ್‌ನಲ್ಲಿ ಹೌಸ್‌ಕೀಪಿಂಗ್ ಮಾಡುತ್ತೇನೆ. ನಾಲ್ಕು ವರ್ಷ ಆಯಿತು. ಕಿಚನ್, ಸರ್ವಿಸ್, ಗಾರ್ಡನ್ ಎಲ್ಲ ಸೇರಿ 34 ಜನ ಇದ್ದೇವೆ. ಅದರಲ್ಲಿ 12 ಜನ ಅಸ್ಸಾಂ ಮತ್ತು ನೇಪಾಳದವರು, ಅವರು ಕಾಂಟ್ರಾಕ್ಟ್ ಅಂತೆ. ನನ್ನ ಸಂಬಳ 12,500, ಊಟ ಮತ್ತು ಉಳಿಯೋಕೆ ರೂಮು. ಬೆಳಿಗ್ಗೆ 7ರಿಂದ ಸಂಜೆ 7, ಶನಿವಾರ ಭಾನುವಾರ ರಾತ್ರಿ 10 ಆಗುತ್ತೆ. ಓಟಿ ಇಲ್ಲ. ಸೀಸನ್‌ನಲ್ಲಿ ವಾರದ ರಜೆಯೂ ಇಲ್ಲ. ಗ್ಲಾಸ್ ಒಡೆದರೆ, ಟವಲ್ ಕಳೆದರೆ ಸಂಬಳದಲ್ಲಿ ಹಿಡಿಯುತ್ತಾರೆ. ಮಲಗುವ ರೂಮಿನ ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್ ಜೋಡಿಸಿದ್ದಾರೆ. ಒಂದು ಸಲ ಕುಡಿದ ಗೆಸ್ಟ್ ಒಬ್ಬರು ನಾನು ಒಳಗಿದ್ದಾಗಲೇ ಕಾಟೇಜ್ ಬಾಗಿಲು ಹಾಕಿದರು, ಹೇಗೋ ಹೊರಗೆ ಬಂದೆ. ಹೋದ ತಿಂಗಳು ಕಿಚನ್ ಹುಡುಗನ ಮೇಲೆ ಬಾಣಲೆಯ ಎಣ್ಣೆ ಬಿದ್ದು ಎದೆ, ಕೈ ಸುಟ್ಟಿತು. ಆಸ್ಪತ್ರೆಯಲ್ಲಿ "ಮನೆಯಲ್ಲಿ ಆಯ್ತು ಅಂತ ಹೇಳು" ಅಂದರಂತೆ. ಕೈಗೆ 3,000 ಕೊಟ್ಟು ಊರಿಗೆ ಕಳಿಸಿದರು. ಆಮೇಲೆ ನಾವು ವಾಟ್ಸ್ಆ್ಯಪ್ ಗ್ರೂಪ್ ಮಾಡಿಕೊಂಡೆವು. ಮ್ಯಾನೇಜರ್‌ಗೆ ಗೊತ್ತಾಯಿತು. "ಪ್ರೈವೇಟ್‌ನಲ್ಲಿ ಯೂನಿಯನ್ ಮಾಡೋ ಹಾಗಿಲ್ಲ, ಮಾಡಿದರೆ ಕೇಸ್ ಹಾಕ್ತೀವಿ" ಅಂದರು. ನಾನು 15,000 ಅಡ್ವಾನ್ಸ್ ತಗೊಂಡಿದ್ದೇನೆ, ಅದು ತೀರೋವರೆಗೂ ಬಿಡೋ ಹಾಗಿಲ್ಲ ಅಂತ ಒರಿಜಿನಲ್ ಆಧಾರ್ ಇಟ್ಟುಕೊಂಡಿದ್ದಾರೆ. ದಸರಾ ರಜೆಗೆ ರೂಮೆಲ್ಲ ಬುಕ್ ಆಗಿದೆ. ಆ ಮೂರು ದಿನ ಎಲ್ಲರೂ ಒಟ್ಟಿಗೆ ರಜೆ ಹಾಕಿದರೆ ದಾರಿಗೆ ಬರುತ್ತಾರೆ ಅಂತ ಹುಡುಗರು ಹೇಳುತ್ತಿದ್ದಾರೆ. ಹಾಕಬಹುದಾ?

ಉತ್ತರ: ಕೊನೆಯಲ್ಲಿ ಕೇಳಿದ್ದಕ್ಕೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ. ದಯವಿಟ್ಟು ಆ ಯೋಚನೆಯನ್ನು ಸದ್ಯಕ್ಕೆ ನಿಲ್ಲಿಸಿ, ಗ್ರೂಪ್‌ನಲ್ಲಿ ಅದರ ಬಗ್ಗೆ ಬರೆಯುವುದನ್ನೂ ನಿಲ್ಲಿಸಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ, ನೀವು ಕೇಳುತ್ತಿರುವುದರಲ್ಲಿ ಒಂದೂ ಜಾಸ್ತಿ ಇಲ್ಲ. ಆದರೆ ಆ ಮೂರು ದಿನದಲ್ಲಿ ಓನರ್ ಕೈಗೆ ನೀವಾಗಿಯೇ ಒಂದು ಅಸ್ತ್ರ ಕೊಟ್ಟ ಹಾಗಾಗುತ್ತದೆ.

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ 29 ಕಾಯ್ದೆಗಳು ಅದರೊಳಗೆ ಸೇರಿಹೋಗಿವೆ. ಅದರಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಅಂತ ಒಂದಿದೆ. ಒಂದು ಜಾಗದ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ನೌಕರರು ಒಂದೇ ದಿನ ಮಾತಾಡಿಕೊಂಡು ಕ್ಯಾಶುಯಲ್ ರಜೆ ಹಾಕಿದರೆ ಅದನ್ನೂ ಮುಷ್ಕರ ಅಂತಲೇ ಲೆಕ್ಕ ಹಿಡಿಯಬೇಕು ಅಂತ ಅದು ಹೇಳುತ್ತದೆ. ನಿಮ್ಮಲ್ಲಿ 34 ಜನ ಅಂದರೆ 17 ಜನ ರಜೆ ಹಾಕಿದರೆ ಸಾಕು, ಅದು ಮುಷ್ಕರ. ಮುಷ್ಕರ ಮಾಡಲು ಕನಿಷ್ಠ 14 ದಿನ ಮೊದಲು ಬರವಣಿಗೆಯಲ್ಲಿ ನೋಟಿಸ್ ಕೊಟ್ಟಿರಬೇಕು. ಕೊಡದೆ ಮಾಡಿದರೆ ಕಾನೂನುಬಾಹಿರ. ಭಾಗವಹಿಸಿದ ಒಬ್ಬೊಬ್ಬರಿಗೂ 1,000ದಿಂದ 10,000 ರೂಪಾಯಿ ದಂಡ, ಅಥವಾ ಒಂದು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಹಳೆಯ ಕಾನೂನಿನಲ್ಲಿ ಈ 14 ದಿನದ ನಿಯಮ ರೈಲ್ವೆ, ನೀರು, ವಿದ್ಯುತ್ ಥರದ ಸಾರ್ವಜನಿಕ ಸೇವೆಗಳಿಗೆ ಮಾತ್ರ ಇತ್ತು. ಹಾಗಾಗಿ "ನಮ್ಮ ಮಾವ ಫ್ಯಾಕ್ಟರಿಯಲ್ಲಿ ಹಂಗೇ ಮಾಡಿದ್ರು, ಏನೂ ಆಗಲಿಲ್ಲ" ಅಂತ ಹೇಳುವವರ ಮಾತು ಕೇಳಬೇಡಿ. ಅವರ ಕಾಲದ ನಿಯಮ ಬೇರೆ.

ಇನ್ನೊಂದು ವಿಷಯ ಕಾನೂನಿನದ್ದಲ್ಲ, ಅನುಭವದ್ದು. ನಾನು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಕಾರ್ಮಿಕರ ಕೇಸು ನೋಡುವವಳು. ಹೋಟೆಲ್ ಕೆಲಸದಲ್ಲಿ ದಿಢೀರ್ ಬಂದ್ ಮಾಡಿದ ಕಡೆ ಹೆಚ್ಚಾಗಿ ಏನಾಗುತ್ತದೆ ಅಂದರೆ, ಓನರ್ ಅದೇ ರಾತ್ರಿ ಕೇಟರಿಂಗ್ ಹುಡುಗರನ್ನು ದಿನಗೂಲಿಗೆ ಕರೆಸುತ್ತಾರೆ. ಮೂರು ದಿನ ಹೇಗೋ ಕಳೆಯುತ್ತದೆ. ಅಸ್ಸಾಂ, ನೇಪಾಳದ ಹುಡುಗರು ಮಲಗುವುದೇ ಆ ಕಾಂಪೌಂಡಿನ ಒಳಗೆ, ಅವರು ಎಲ್ಲಿಗೆ ಹೋಗಬೇಕು? ಒಲ್ಲದ ಮನಸ್ಸಿನಿಂದ ಕೆಲಸಕ್ಕೆ ನಿಲ್ಲುತ್ತಾರೆ. ನಾಲ್ಕನೇ ದಿನ ನಿಮ್ಮ 34 ಜನರೊಳಗೆ ಬಿರುಕು ಬಿಟ್ಟಿರುತ್ತದೆ, ಮುಂದೆ ನಿಂತ ನಾಲ್ಕೈದು ಜನ ಗೇಟಿನ ಹೊರಗೆ ಇರುತ್ತಾರೆ. ಕೇಸ್ ಹಾಕೋಣ ಅಂದರೆ ಕೈಯಲ್ಲಿ ಒಂದು ಚೂರು ಕಾಗದ ಇರುವುದಿಲ್ಲ.

ಕಾಗದ ಮೊದಲು, ಒಟ್ಟಿಗೆ ಸಹಿ ಆಮೇಲೆ, ಕೆಲಸ ನಿಲ್ಲಿಸುವ ಮಾತು ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಪ್ಪಿದ್ದಕ್ಕೇ ಗೆಲ್ಲಬೇಕಾದ ಎಷ್ಟೋ ಜನ ಸೋತಿದ್ದನ್ನು ನೋಡಿದ್ದೇನೆ.

ಈಗ ಮ್ಯಾನೇಜರ್ ಹೇಳಿದ ಮಾತುಗಳಿಗೆ ಬರೋಣ. "ಪ್ರೈವೇಟ್‌ನಲ್ಲಿ ಯೂನಿಯನ್ ಮಾಡೋ ಹಾಗಿಲ್ಲ" ಅನ್ನುವುದು ಶುದ್ಧ ಸುಳ್ಳು. ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿಯಲ್ಲೇ ಇರುವ ಹಕ್ಕು. ಬ್ರಿಟಿಷರ ಕಾಲದ 1926ರ ಟ್ರೇಡ್ ಯೂನಿಯನ್ ಕಾಯ್ದೆಯಿಂದ ಹಿಡಿದು ಇವತ್ತಿನ ಸಂಹಿತೆವರೆಗೆ, ಏಳು ಜನ ಸೇರಿದರೆ ನೋಂದಣಿಗೆ ಅರ್ಜಿ ಹಾಕಬಹುದು. ಅದರ ಜೊತೆ ಇನ್ನೊಂದು ಷರತ್ತಿದೆ: ಒಟ್ಟು ನೌಕರರಲ್ಲಿ ಶೇ. 10 ಅಥವಾ 100 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ನಿಮ್ಮ 34 ಜನಕ್ಕೆ ಆ ಏಳು ಜನವೇ ಸಾಕು. ಯೂನಿಯನ್ ಸೇರಿದ್ದಕ್ಕೆ ಕೆಲಸದಿಂದ ತೆಗೆಯುವುದು, ತೆಗೆಯುತ್ತೇವೆ ಅಂತ ಹೆದರಿಸುವುದು, ಬೇಕಂತಲೇ ದೂರಕ್ಕೆ ವರ್ಗ ಮಾಡುವುದು, ಇವೆಲ್ಲ ಕಾನೂನಿನ ಪ್ರಕಾರ "ಅನುಚಿತ ಕಾರ್ಮಿಕ ಪದ್ಧತಿ". ಶಿಕ್ಷೆ ಇರುವುದು ಓನರ್‌ಗೆ, ನಿಮಗಲ್ಲ.

"ಕಾಂಟ್ರಾಕ್ಟ್‌ನವರು, ನೇಪಾಳದವರು ಸೇರೋ ಹಾಗಿಲ್ಲ" ಅಂತಲೂ ಮುಂದೆ ಹೇಳುತ್ತಾರೆ, ಬರೆದಿಟ್ಟುಕೊಳ್ಳಿ. ಕನಿಷ್ಠ ವೇತನ, ಓಟಿ, ಅಪಘಾತ ಪರಿಹಾರ ಇದೆಲ್ಲ ಕೆಲಸ ಮಾಡಿದವರಿಗೆ ಸಿಗುವುದು, ಯಾವ ಊರಿನವರು ಅಂತ ನೋಡಿ ಅಲ್ಲ. ಕಾಂಟ್ರಾಕ್ಟರ್ ಸಂಬಳ ಕೊಡದೆ ಕೈ ಎತ್ತಿದರೆ ರೆಸಾರ್ಟ್‌ನವರೇ ಕೊಡಬೇಕು. ಆ 12 ಜನರನ್ನು ಬಿಟ್ಟು ನೀವು ಏನೂ ಮಾಡಬೇಡಿ. ಅವರನ್ನು ಬಿಟ್ಟರೆ ನಿಮ್ಮ ವಿರುದ್ಧ ಬಳಸುವುದು ಅವರನ್ನೇ. ಹಿಂದಿ ಗೊತ್ತಿರುವ ಒಬ್ಬರು ಅವರ ಜೊತೆ ಕೂತು ಎಲ್ಲ ವಿವರಿಸಲಿ.

ಅಡ್ವಾನ್ಸ್ ವಿಷಯ. ಇದು ನಮ್ಮ ಮಲೆನಾಡಿನ ಹಳೆಯ ರೋಗ. ಕಾಫಿ ತೋಟಗಳಲ್ಲಿ ಲೈನ್ ಮನೆ ಕೊಟ್ಟು, ಮದುವೆಗೆ, ಆಸ್ಪತ್ರೆಗೆ ಅಂತ ಮುಂಗಡ ಕೊಟ್ಟು, ಆ ಸಾಲದಲ್ಲೇ ಆಳುಗಳನ್ನು ಹಿಡಿದಿಟ್ಟುಕೊಳ್ಳುವ ಪದ್ಧತಿ ಇತ್ತು. ತೋಟದೊಳಗೇ ಹೋಮ್‌ಸ್ಟೇ, ರೆಸಾರ್ಟ್ ಎದ್ದಾಗ ಆ ಪದ್ಧತಿಯೂ ಜೊತೆಗೇ ಬಂತು. ಲೈನ್ ಮನೆ ಹೋಗಿ ಸ್ಟಾಫ್ ರೂಮ್ ಆಯಿತು, ಅಷ್ಟೇ. ಓನರ್ ಅಡ್ವಾನ್ಸನ್ನು ಸಂಬಳದಲ್ಲಿ ಕಂತು ಕಂತಾಗಿ ಹಿಡಿದುಕೊಳ್ಳಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಸಾಲ ತೀರುವವರೆಗೆ ಕೆಲಸ ಬಿಡುವ ಹಾಗಿಲ್ಲ ಅಂತ ಹಿಡಿದಿಟ್ಟರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಕೆಳಗೆ ಬರುವ ಅಪರಾಧ. ಅದರ ದೂರನ್ನು ಜಿಲ್ಲಾಧಿಕಾರಿಗೇ ಕೊಡಬಹುದು. ನಿಮ್ಮ ಒರಿಜಿನಲ್ ಆಧಾರ್ ಇಟ್ಟುಕೊಳ್ಳುವ ಹಕ್ಕು ಯಾವ ಓನರ್‌ಗೂ ಇಲ್ಲ. ಅವರು ವಾಪಸ್ ಕೊಡಲಿ ಅಂತ ಕಾಯುತ್ತಾ ಕೂರಬೇಡಿ. ಆಧಾರ್ ಸೈಟ್‌ನಿಂದ ಇ-ಆಧಾರ್ ಇಳಿಸಿಕೊಳ್ಳಿ, ಅದಕ್ಕೂ ಅಷ್ಟೇ ಬೆಲೆ ಇದೆ.

ಈಗ ದುಡ್ಡಿನ ಲೆಕ್ಕ. ಹೋಟೆಲ್, ಲಾಡ್ಜ್, ರೆಸಾರ್ಟ್‌ಗಳೆಲ್ಲ ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕೆಳಗೆ ಬರುತ್ತವೆ. ವಾರಕ್ಕೆ 48 ಗಂಟೆ ಕೆಲಸ, ವಾರಕ್ಕೊಂದು ರಜೆ, ಅದಕ್ಕಿಂತ ಜಾಸ್ತಿ ದುಡಿಸಿದರೆ ಗಂಟೆಗೆ ಡಬಲ್. ನಿಮ್ಮದನ್ನೇ ತಗೊಳ್ಳಿ. ಊಟದ ಒಂದು ಗಂಟೆ ಕಳೆದರೆ ನಾಲ್ಕು ದಿನ 11 ಗಂಟೆ, ಅಲ್ಲಿಗೆ 44. ಶನಿವಾರ, ಭಾನುವಾರ 14 ಗಂಟೆಯಂತೆ 28. ಒಂದು ದಿನ ರಜೆ ಸಿಕ್ಕಿದ ವಾರದಲ್ಲೂ ಒಟ್ಟು 72 ಗಂಟೆ. ಅಂದರೆ ವಾರಕ್ಕೆ 24 ಗಂಟೆ ಓಟಿ. ನಿಮ್ಮ 12,500ನ್ನು 26 ದಿನಕ್ಕೆ, ದಿನಕ್ಕೆ 8 ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 60 ರೂಪಾಯಿ. ಡಬಲ್ ಅಂದರೆ 120. ವಾರಕ್ಕೆ 2,880, ನಾಲ್ಕು ವಾರಕ್ಕೆ 11,520 ರೂಪಾಯಿ. ನೋಡಿ, ಹತ್ತಿರ ಹತ್ತಿರ ಇನ್ನೊಂದು ಸಂಬಳದಷ್ಟು ದುಡ್ಡು ಪ್ರತಿ ತಿಂಗಳು ನಿಮ್ಮ ಕೈ ತಪ್ಪುತ್ತಿದೆ. ಅದೂ 12,500 ಸರಿಯಾದ ಸಂಬಳ ಅಂತ ಒಪ್ಪಿಕೊಂಡರೆ. ಹೋಟೆಲ್ ಕೆಲಸಕ್ಕೆ ಸರ್ಕಾರ ಬೇರೆಯೇ ಕನಿಷ್ಠ ವೇತನ ನಿಗದಿ ಮಾಡಿದೆ. ಅಡುಗೆಯವರಿಗೆ, ರೂಮ್ ಬಾಯ್‌ಗೆ, ಕ್ಲೀನರ್‌ಗೆ ಅಂತ ದರ ಬೇರೆ ಬೇರೆ, ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರಿ ಬದಲಾಗುತ್ತದೆ. ಕಾರ್ಮಿಕ ಇಲಾಖೆಯ ಸೈಟ್‌ನಲ್ಲಿ ಆ ಪಟ್ಟಿ ಇರುತ್ತದೆ. ಅದನ್ನು ಪ್ರಿಂಟ್ ತೆಗೆದು ನಿಮ್ಮ ಪೇ ಸ್ಲಿಪ್ ಪಕ್ಕ ಇಟ್ಟು ನೋಡಿ.

"ಊಟ, ರೂಮು ಕೊಡ್ತೀವಲ್ಲ, ಟಿಪ್ಸ್ ಬರುತ್ತಲ್ಲ" ಅಂತಾರೆ, ಅಲ್ವಾ? ಟಿಪ್ಸ್ ಗೆಸ್ಟ್ ಕೊಡುವುದು, ಓನರ್ ಕೊಡುವ ಸಂಬಳಕ್ಕೆ ಅದನ್ನು ಸೇರಿಸುವ ಹಾಗಿಲ್ಲ. ವಸತಿಗೆ ಅಂತ ಹಿಡಿಯುವುದಾದರೆ ಪೇ ಸ್ಲಿಪ್‌ನಲ್ಲಿ ಬೇರೆ ಸಾಲಿನಲ್ಲಿ ಕಾಣಬೇಕು, ಎಲ್ಲ ಕಡಿತ ಸೇರಿ ಸಂಬಳದ ಅರ್ಧ ದಾಟಬಾರದು. ಒಡೆದ ಗ್ಲಾಸು, ಕಳೆದ ಟವಲಿನ ದುಡ್ಡನ್ನು ಸುಮ್ನೆ ಹಿಡಿಯುವ ಹಾಗಿಲ್ಲ. ನಿಮ್ಮ ನಿರ್ಲಕ್ಷ್ಯದಿಂದಲೇ ಆಯಿತು ಅಂತ ತೋರಿಸಬೇಕು, ಹಿಡಿಯುವ ಮೊದಲು ನಿಮ್ಮ ಮಾತು ಕೇಳಬೇಕು. ಗೆಸ್ಟ್ ಬ್ಯಾಗಿಗೆ ಹಾಕಿಕೊಂಡು ಹೋದ ಟವಲಿಗೆ ನೀವು ಯಾಕೆ ಕಟ್ಟಬೇಕು? ಬಾಕಿ ಸಂಬಳಕ್ಕೆ ಹಳೆಯ ಕನಿಷ್ಠ ವೇತನ ಕಾಯ್ದೆಯಲ್ಲಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು. ಹೊಸ ವೇತನ ಸಂಹಿತೆಯಲ್ಲಿ ಮೂರು ವರ್ಷ ಸಮಯ ಇದೆ. ಹೊಸದರಲ್ಲಿ ನಮಗೆ ಅನುಕೂಲ ಆಗಿರುವ ಅಂಶ ಇದು.

ಇಷ್ಟೆಲ್ಲ ಯಾಕೆ ನಡೆಯುತ್ತದೆ ಅನ್ನುವುದನ್ನೂ ಅರ್ಥ ಮಾಡಿಕೊಳ್ಳಿ, ಮಾತುಕತೆಗೆ ಕೂತಾಗ ಬೇಕಾಗುತ್ತದೆ. ನಮ್ಮ ಕಡೆಯ ವ್ಯಾಪಾರ ವೀಕೆಂಡಿನ ವ್ಯಾಪಾರ. ಶುಕ್ರವಾರ ರಾತ್ರಿ ಬೆಂಗಳೂರಿನ ಕಾರುಗಳು ಬರುತ್ತವೆ, ಭಾನುವಾರ ಮಧ್ಯಾಹ್ನ ಖಾಲಿ. ಹಾಸನದಲ್ಲಿ ಹಾಸನಾಂಬೆ ಬಾಗಿಲು ತೆಗೆದಾಗ ಲಾಡ್ಜಿನ ಹುಡುಗರಿಗೆ ನಿದ್ದೆಯೇ ಇರುವುದಿಲ್ಲ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು, ಸಕಲೇಶಪುರದ ಕಡೆ ಹೋಮ್‌ಸ್ಟೇಗಳೂ ಜಾಸ್ತಿ ಆಗಿವೆ. ಆದರೆ ಸ್ಟಾಫ್ ಲೆಕ್ಕ ಹಾಕುವುದು ಮಂಗಳವಾರದ ಜನ ನೋಡಿ. ಶನಿವಾರದ ಭಾರ ಎಲ್ಲ ಇರುವವರ ಬೆನ್ನಿಗೆ. ಅದರ ಮೇಲೆ ನೀವು ಅಲ್ಲೇ ಮಲಗುವವರು. ಡ್ಯೂಟಿ ಮುಗಿಯಿತು ಅಂತ ಹೇಳುವ ಗೆರೆಯೇ ಇಲ್ಲ, ರಾತ್ರಿ 11ಕ್ಕೆ ಗೆಸ್ಟ್ ಬ್ಲಾಂಕೆಟ್ ಕೇಳಿದರೂ ನಿಮ್ಮ ಬಾಗಿಲೇ ತಟ್ಟುತ್ತಾರೆ. ಹಾಗಾಗಿ ನೀವು ಬರೀ "ಸಂಬಳ ಜಾಸ್ತಿ ಮಾಡಿ" ಅಂತ ಕೇಳಿದರೆ, ಜುಲೈ ಮಳೆಯಲ್ಲಿ ರೂಮ್ ಖಾಲಿ ಇರುವ ಲೆಕ್ಕ ತೋರಿಸಿ ಬಾಯಿ ಮುಚ್ಚಿಸುತ್ತಾರೆ. "ವೀಕೆಂಡಿಗೆ ಆರು ಜನ ಎಕ್ಸ್‌ಟ್ರಾ ತಗೊಳ್ಳಿ, ಇಲ್ಲ ನಮಗೆ ಓಟಿ ಕೊಡಿ" ಅಂತ ಕೇಳಿದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಇನ್ನು ಸುಟ್ಟ ಹುಡುಗನ ವಿಷಯ. ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಇದು. ನಾಳೆಯೇ ಶುರು ಮಾಡಿ.

10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಹೋಟೆಲಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಅನ್ವಯಿಸುತ್ತದೆ, ಸಂಬಳ 21,000ದ ಒಳಗಿರುವ ಎಲ್ಲರಿಗೂ. ನಿಮ್ಮ ಸಂಬಳಕ್ಕೆ ನಿಮ್ಮಿಂದ ಶೇ. 0.75, ಅಂದರೆ ತಿಂಗಳಿಗೆ ಸುಮಾರು 94 ರೂಪಾಯಿ. ಓನರ್ ಶೇ. 3.25, ಸುಮಾರು 406 ರೂಪಾಯಿ ಕಟ್ಟಬೇಕು. ಆ 406 ಉಳಿಸಲು ಹೋಗಿ ಒಬ್ಬ ಹುಡುಗನ ಎದೆಯ ಚಿಕಿತ್ಸೆಯನ್ನೇ ಕೈಬಿಡುತ್ತಾರೆ, ನನಗೆ ಹೊಟ್ಟೆ ಉರಿಯುವುದು ಇಲ್ಲಿ. ಕೆಲಸದಲ್ಲಿ ಗಾಯ ಆದರೆ ಇಎಸ್‌ಐನಲ್ಲಿ ಚಿಕಿತ್ಸೆ ಉಚಿತ. ಕೆಲಸ ಮಾಡಲು ಆಗದ ದಿನಗಳಿಗೆ ಸಂಬಳದ ಶೇ. 90ರಷ್ಟು ಸಿಗುತ್ತದೆ, ಅದಕ್ಕೆ ಇಷ್ಟು ತಿಂಗಳು ಕಟ್ಟಿರಬೇಕು ಅನ್ನುವ ಷರತ್ತೂ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಆದ ಗಾಯಕ್ಕೂ ಉಂಟು. ಓನರ್ ದುಡ್ಡು ಕಟ್ಟಿರಲಿಲ್ಲ ಅಂದರೆ ಇಎಸ್‌ಐ ನಿಗಮ ಹುಡುಗನಿಗೆ ಕೊಟ್ಟು ಆಮೇಲೆ ಓನರ್‌ನಿಂದ ವಸೂಲಿ ಮಾಡಬಹುದು. ಇಎಸ್‌ಐ ಅನ್ವಯಿಸದ ಸಣ್ಣ ಹೋಮ್‌ಸ್ಟೇ ಆದರೆ ಪರಿಹಾರವನ್ನು ಓನರ್ ಕೈಯಿಂದಲೇ ಕೊಡಬೇಕು, ಎರಡು ವರ್ಷದೊಳಗೆ ಅರ್ಜಿ ಹಾಕಬೇಕು.

"ಮನೆಯಲ್ಲಿ ಆಯ್ತು" ಅಂತ ಆಸ್ಪತ್ರೆ ಚೀಟಿಯಲ್ಲಿ ಬರೆದಿದ್ದರೆ ಎಲ್ಲ ಮುಗಿಯಿತು ಅಂತಲ್ಲ. ಅವತ್ತು ಕಿಚನ್‌ನಲ್ಲಿ ಯಾರ್ಯಾರು ಇದ್ದರೋ ಅವರು ಒಬ್ಬೊಬ್ಬರೇ ಒಂದು ಹಾಳೆಯಲ್ಲಿ ಬರೆದಿಡಲಿ: ಎಷ್ಟು ಗಂಟೆ, ಯಾವ ಒಲೆ, ಬಾಣಲೆ ಯಾಕೆ ಜಾರಿತು, ನೆಲ ಒದ್ದೆ ಇತ್ತಾ, ಯಾರು ಆಸ್ಪತ್ರೆಗೆ ಕರೆದುಕೊಂಡು ಹೋದರು, ಯಾವ ಗಾಡಿಯಲ್ಲಿ. ಫೋನಿನಲ್ಲಿ ಆ ದಿನದ ಫೋಟೊ, ಕರೆಗಳು, ಮ್ಯಾನೇಜರ್ ಕಳಿಸಿದ ಮೆಸೇಜು ಇದ್ದರೆ ಅಳಿಸಬೇಡಿ, ಇನ್ನೊಂದು ಫೋನಿಗೂ ಕಳಿಸಿ. ಅವತ್ತಿನ ಹಾಜರಿ, 3,000 ಫೋನ್‌ಪೇಯಲ್ಲಿ ಬಂದಿದ್ದರೆ ಅದರ ಸ್ಕ್ರೀನ್‌ಶಾಟ್. ಹುಡುಗ ಎಲ್ಲಿದ್ದಾನೆ ಪತ್ತೆ ಮಾಡಿ, ಅವನ ಸಹಿ ಇರುವ ದೂರು ಬೇಕು. ಊರಿನಲ್ಲಿ ಡ್ರೆಸಿಂಗ್ ಮಾಡಿಸಿದ ರಸೀದಿಗಳೂ ಬೇಕು.

ಸುರಕ್ಷತೆ ಅಂದರೆ ಹೆಲ್ಮೆಟ್, ಬೂಟು ಅಂತ ಅಂದುಕೊಳ್ಳಬೇಡಿ. ನೀವು ಬರೆದ ಸಿಲಿಂಡರ್ ವಿಷಯ ಓದಿ ನನಗೆ ಭಯ ಆಯಿತು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ನೀರಿನ ಹಾಗೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ನೆಲದ ಮೇಲೆ ಹಾಸಿಗೆ ಹಾಕಿ ಮಲಗುವವರ ಮೂಗಿನ ಮಟ್ಟಕ್ಕೇ. ಸಿಲಿಂಡರ್‌ಗಳು ಮಲಗುವ ಗೋಡೆಯಿಂದ ದೂರ, ಗಾಳಿ ಆಡುವ ಜಾಗದಲ್ಲಿ ಇರಬೇಕು. ಡಿಸೆಂಬರ್ ಚಳಿಗೆ ಕಿಟಕಿ ಬಿಗಿಯಾಗಿ ಮುಚ್ಚಿ ಇದ್ದಿಲ ಕೆಂಡ ಇಟ್ಟುಕೊಂಡು ಮಲಗುವ ಅಭ್ಯಾಸ ನಮ್ಮ ಕಡೆ ಇದೆ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮಲಗಿದವರು ಏಳುವುದಿಲ್ಲ. ಬಾತ್‌ರೂಮ್ ತೊಳೆಯುವ ನಿಮ್ಮವರಿಗೆ ಹೇಳಿ: ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ಹಾಕಿದರೆ ಕ್ಲೋರಿನ್ ಅನಿಲ ಬರುತ್ತದೆ. ಕಿಟಕಿ ಇಲ್ಲದ ಟಾಯ್ಲೆಟ್‌ನಲ್ಲಿ ಅದು ಶ್ವಾಸಕೋಶ ಸುಡುತ್ತದೆ. "ಜಾಸ್ತಿ ಬೆಳ್ಳಗಾಗುತ್ತೆ" ಅಂತ ಸೂಪರ್‌ವೈಸರ್ ಹೇಳಿದರೂ ಬೆರೆಸಬೇಡಿ. ಪಿಟ್ ತುಂಬಿದಾಗ ಗಾರ್ಡನ್ ಹುಡುಗನಿಗೆ ಇಳಿಯಲು ಹೇಳುತ್ತಾರಾ? ಹೇಳಿದರೆ ಇಳಿಯಬೇಡಿ. 2013ರ ಕಾಯ್ದೆ ಪ್ರಕಾರ ಸುರಕ್ಷಾ ಸಾಮಗ್ರಿ ಇಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ.

ಬಾಗಿಲು ಹಾಕಿದ ಗೆಸ್ಟ್ ಬಗ್ಗೆ ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಅದು ಒಂದು ಸಾಲಿನ ವಿಷಯ ಅಲ್ಲ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಹೋದ್ಯೋಗಿಗಳಿಗೆ ಮಾತ್ರ ಅಲ್ಲ. ಕೆಲಸದ ಜಾಗಕ್ಕೆ ಬರುವ ಹೊರಗಿನವರಿಂದಲೂ ನಿಮ್ಮನ್ನು ಕಾಪಾಡುವುದು ಓನರ್ ಜವಾಬ್ದಾರಿ. 10 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಇಲ್ಲದಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ಮೂರು ತಿಂಗಳೊಳಗೆ ಬರೆದು ಕೊಡಬೇಕು, ದಿನಾಂಕ ನೆನಪು ಮಾಡಿಕೊಳ್ಳಿ. ಅಮೆರಿಕದ ಶಿಕಾಗೋದಲ್ಲಿ ಹೋಟೆಲ್ ಕಾರ್ಮಿಕರ ಯೂನಿಯನ್ ಪಟ್ಟು ಹಿಡಿದ ಮೇಲೆ 2017ರಲ್ಲಿ ಊರಿನ ಆಡಳಿತ ಒಂದು ನಿಯಮವನ್ನೇ ತಂದಿತು. ಒಬ್ಬಂಟಿಯಾಗಿ ರೂಮ್ ಕ್ಲೀನ್ ಮಾಡುವವರ ಕೈಗೆ ಸಹಾಯಕ್ಕೆ ಕರೆಯುವ ಒಂದು ಬಟನ್ ಕೊಡಬೇಕು ಅಂತ. ನಿಮ್ಮ ಕಾಟೇಜ್‌ಗಳು ಒಂದಕ್ಕೊಂದು ದೂರ, ಎಷ್ಟೋ ಕಡೆ ಸಿಗ್ನಲ್ ಸಿಗುವುದಿಲ್ಲ. ನೀವು ಕೇಳಬೇಕಾದದ್ದು: ಗೆಸ್ಟ್ ಒಳಗಿದ್ದರೆ ಇಬ್ಬರು ಹೋಗಬೇಕು, ಕೈಯಲ್ಲಿ ವಾಕಿಟಾಕಿ ಇರಬೇಕು, ಕುಡಿದಿದ್ದರೆ ಆ ರೂಮು ಅವತ್ತು ಬಿಡಬಹುದು ಅಂತ ಬರವಣಿಗೆಯಲ್ಲಿ ಬೇಕು.

ಹಾಗಾದರೆ ಏನು ಮಾಡಬೇಕು? ನಿಮ್ಮ ಮುಂದೆ ಮೂರು ದಾರಿ ಇವೆ, ಒಂದನ್ನು ಹಿಡಿದರೆ ಇನ್ನೊಂದು ಬಿಡಬೇಕು ಅಂತೇನಿಲ್ಲ.

ಒಂದು, ಒಳಗೇ ಮಾತಾಡುವುದು. 20 ಅಥವಾ ಅದಕ್ಕಿಂತ ಜಾಸ್ತಿ ನೌಕರರು ಇರುವ ಕಡೆ ಕುಂದುಕೊರತೆ ಸಮಿತಿ ಕಡ್ಡಾಯ. ಓನರ್ ಕಡೆಯವರು, ನೌಕರರ ಕಡೆಯವರು ಸಮ ಸಮ ಇರಬೇಕು, ಹೆಂಗಸರಿಗೂ ಜಾಗ ಇರಬೇಕು. ನಿಮ್ಮಲ್ಲಿ ಅದು ಇಲ್ಲ ಅಂತ ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ. "ಸಮಿತಿ ಮಾಡಿ" ಅಂತ ಕೇಳುವುದರಲ್ಲಿ ಅಪಾಯ ತುಂಬಾ ಕಡಿಮೆ. ಆದರೆ ಓನರ್ ತನಗೆ ಬೇಕಾದವರನ್ನೇ ನೌಕರರ ಪ್ರತಿನಿಧಿ ಅಂತ ಕೂರಿಸುವುದುಂಟು, ಅದನ್ನು ಒಪ್ಪಬೇಡಿ.

ಎರಡು, ಕಾರ್ಮಿಕ ಇಲಾಖೆ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ, ಜಿಲ್ಲೆಯ ಕಾರ್ಮಿಕ ಅಧಿಕಾರಿಗೆ ದೂರು. ಒಬ್ಬರ ಹೆಸರಿನಲ್ಲಿ ಕೊಟ್ಟರೆ ಆ ಒಬ್ಬರೇ ಸಿಕ್ಕಿಹಾಕಿಕೊಳ್ಳುತ್ತಾರೆ. ನಿರೀಕ್ಷಕರು ಬರುವ ದಿನ ಹಾಜರಿ ಪುಸ್ತಕ ಹೊಸದಾಗಿ ಬರೆದಿರುತ್ತದೆ, ಎಲ್ಲರ ಸಹಿ ಆಗಲೇ ಇರುತ್ತದೆ. ಅದಕ್ಕೇ ನಿಮ್ಮ ಸ್ವಂತ ಡೈರಿ ಬೇಕು. ಇವತ್ತಿನಿಂದಲೇ ಎಲ್ಲರೂ ಬಂದ ಸಮಯ, ಹೋದ ಸಮಯ, ಯಾವ ರೂಮು, ಹಿಡಿದ ದುಡ್ಡು ಬರೆಯಿರಿ. ಸಣ್ಣ ನೋಟ್‌ಬುಕ್ ಸಾಕು. ಪ್ರತಿದಿನ ಒಂದೇ ಥರ ಬರೆದ ಡೈರಿಯನ್ನು ಅಧಿಕಾರಿಗಳೂ ಕೋರ್ಟೂ ಸುಲಭಕ್ಕೆ ತಳ್ಳಿಹಾಕುವುದಿಲ್ಲ.

ಮೂರು, ಯೂನಿಯನ್. ಸ್ವಂತದ್ದೇ ಕಟ್ಟಬಹುದು, ಇಲ್ಲ ಈಗಾಗಲೇ ಇರುವ ಸಂಘಕ್ಕೆ ಸೇರಬಹುದು. ಎಐಟಿಯುಸಿ, ಸಿಐಟಿಯು, ಐಎನ್‌ಟಿಯುಸಿ, ಬಿಎಂಎಸ್ ಎಲ್ಲವೂ ರಾಜ್ಯದಲ್ಲಿ ಇವೆ. ನನ್ನ ಅಭಿಪ್ರಾಯ ಕೇಳಿದರೆ, 34 ಜನಕ್ಕೆ ಮೊದಲೇ ಸ್ವಂತ ಯೂನಿಯನ್ ಬೇಡ. ಲೆಕ್ಕಪತ್ರ, ವಾರ್ಷಿಕ ವರದಿ ನೋಡುವವರು ಯಾರು? ಇರುವ ಸಂಘಕ್ಕೆ ಸೇರಿ, ಆದರೆ ಮಾತುಕತೆಗೆ ಕೂರುವವರಲ್ಲಿ ನಿಮ್ಮವರೇ ಇಬ್ಬರು ಮೂವರು ಇರಲೇಬೇಕು ಅಂತ ಮೊದಲೇ ಹೇಳಿ. 2015ರಲ್ಲಿ ಕೇರಳದ ಮುನ್ನಾರ್‌ನಲ್ಲಿ ಟೀ ತೋಟದ ಹೆಂಗಸರು ಬೋನಸ್‌ಗಾಗಿ ಬೀದಿಗೆ ಬಂದಾಗ, ಅವರ ಸಿಟ್ಟು ಕಂಪನಿ ಮೇಲೆ ಮಾತ್ರ ಇರಲಿಲ್ಲ, ತಮ್ಮನ್ನು ಕೇಳದೆ ಒಪ್ಪಂದ ಮಾಡಿಕೊಳ್ಳುತ್ತಿದ್ದ ಯೂನಿಯನ್ ನಾಯಕರ ಮೇಲೂ ಇತ್ತು. ತಾವೇ ಮುಂದೆ ನಿಂತರು, ಶೇ. 20 ಸಿಕ್ಕಿತು. ಚಂದಾ ಕೊಡುವ ಮೊದಲು ಸಂಘದ ನೋಂದಣಿ ನಂಬರ್ ಕೇಳಿ, ರಸೀದಿ ತಗೊಳ್ಳಿ.

ಮುಷ್ಕರ ಇದೆಲ್ಲ ಆದ ಮೇಲೆ. ನೋಟಿಸ್ ಕೊಟ್ಟ ಮೇಲೆ ಇಲಾಖೆ ಸಂಧಾನ ಶುರು ಮಾಡುತ್ತದೆ. ಸಂಧಾನ ನಡೆಯುವಾಗ ಮತ್ತು ಮುಗಿದ ಏಳು ದಿನದವರೆಗೆ ಕೆಲಸ ನಿಲ್ಲಿಸುವ ಹಾಗಿಲ್ಲ. ಎಷ್ಟೋ ವಿಷಯ ಸಂಧಾನದ ಟೇಬಲ್ಲಿನಲ್ಲೇ ಇತ್ಯರ್ಥ ಆಗುತ್ತದೆ, ಓನರ್‌ಗೂ ಸೀಸನ್ ಹಾಳಾಗುವುದು ಬೇಕಿರುವುದಿಲ್ಲ.

ಅಪಾಯ ಇಲ್ಲ ಅಂತ ನಾನು ಹೇಳುವುದಿಲ್ಲ. ಸಾಮಾನ್ಯವಾಗಿ ಬರುವುದು ಹೀಗೆ: ನೈಟ್ ಡ್ಯೂಟಿಗೆ ಹಾಕುವುದು, ಅವರದ್ದೇ ಇನ್ನೊಂದು ಊರಿನ ರೆಸಾರ್ಟಿಗೆ ಕಳಿಸುವುದು, ಸ್ಟಾಫ್ ರೂಮ್ ಖಾಲಿ ಮಾಡಿ ಅನ್ನುವುದು. ಎಲ್ಲಕ್ಕಿಂತ ಕೆಟ್ಟದ್ದು ಗೆಸ್ಟಿನ ಸರ ಕಳೆದಿದೆ, ವಾಚ್ ಕಳೆದಿದೆ ಅಂತ ಹೌಸ್‌ಕೀಪಿಂಗ್‌ನವರ ಮೇಲೆ ಕಳ್ಳತನ ಹೊರಿಸುವುದು. ಹಾಗೆ ಆದರೆ ಗಾಬರಿಯಲ್ಲಿ ರಾಜೀನಾಮೆ ಬರೆದುಕೊಡಬೇಡಿ. ಆರೋಪ ಬರವಣಿಗೆಯಲ್ಲಿ ಕೊಡಿ, ಆ ದಿನದ ಸಿಸಿಟಿವಿ ತೆಗೆದಿಡಿ ಅಂತ ಕೇಳಿ. ಇವತ್ತಿನಿಂದ ರೂಮಿಗೆ ಇಬ್ಬರು ಹೋಗಿ. ಸೇರುವಾಗ ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡಿದ್ದರೆ ಆ ವಿಷಯವನ್ನೂ ಇಲಾಖೆಗೆ ಕೊಡುವ ಪತ್ರದಲ್ಲಿ ಈಗಲೇ ಸೇರಿಸಿ. ಆರು ತಿಂಗಳು ದಾಟಿದವರನ್ನು ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಸಂಬಳ ಕೊಡದೆ ತೆಗೆಯುವ ಹಾಗಿಲ್ಲ. ತೆಗೆದರೆ ಲೆಕ್ಕ ಎರಡು ಕೆಲಸದ ದಿನದೊಳಗೆ ಚುಕ್ತಾ ಆಗಬೇಕು. ಆ ವಜಾ ವಿರುದ್ಧ ನೀವೊಬ್ಬರೇ ಹೋದರೂ ಕೇಸ್ ನಡೆಯುತ್ತದೆ, ಎರಡು ವರ್ಷದೊಳಗೆ ಹಾಕಬೇಕು. ಹೆಂಗಸರಿಗೆ ವಕೀಲರ ಫೀಸಿನ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಕೋರ್ಟ್ ಆವರಣದಲ್ಲೇ ಕಚೇರಿ ಇರುತ್ತದೆ, ಫೋನ್ 15100. ಆದರೆ ಕೇಸು ಬೇಗ ಮುಗಿಯುವುದಿಲ್ಲ. ನಡುವಿನ ತಿಂಗಳುಗಳಿಗೆ ಮನೆ ಹೇಗೆ ನಡೆಯುತ್ತದೆ ಅನ್ನುವುದನ್ನು ಸಹಿ ಹಾಕುವ ಮುಂಚೆ ಮನೆಯವರ ಜೊತೆ ಕೂತು ಮಾತಾಡಿ. ಯಾರಿಗಾದರೂ ಆಗುವುದಿಲ್ಲ ಅನ್ನಿಸಿದರೆ ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ.

ಪತ್ರ ಹೀಗಿರಲಿ. ಬೈಗುಳ ಬೇಡ, ಬೆದರಿಕೆ ಬೇಡ.

"ಕೆಳಗೆ ಸಹಿ ಮಾಡಿರುವ ನಾವು ತಮ್ಮ ರೆಸಾರ್ಟಿನ ನೌಕರರು. ಕಿಚನ್‌ನಲ್ಲಿ ಕೆಲಸದ ವೇಳೆ ಸುಟ್ಟ ಗಾಯವಾದ ನಮ್ಮ ಸಹೋದ್ಯೋಗಿಯ ಚಿಕಿತ್ಸೆಯ ವೆಚ್ಚ ಮತ್ತು ಇಎಸ್‌ಐ ಸೌಲಭ್ಯ ಕೊಡಿಸಬೇಕು. ಗ್ಯಾಸ್ ಸಿಲಿಂಡರ್‌ಗಳನ್ನು ಮಲಗುವ ಕೋಣೆಯಿಂದ ದೂರ ಸಾಗಿಸಬೇಕು. ಎಲ್ಲರಿಗೂ ನೇಮಕಾತಿ ಪತ್ರ, ಪೇ ಸ್ಲಿಪ್, ವಾರದ ರಜೆ, 48 ಗಂಟೆ ಮೀರಿದ ಕೆಲಸಕ್ಕೆ ಓಟಿ ಕೊಡಬೇಕು. ಕುಂದುಕೊರತೆ ಸಮಿತಿ ರಚಿಸಬೇಕು. ಈ ಬಗ್ಗೆ ಮಾತನಾಡಲು 15 ದಿನದೊಳಗೆ ಸಮಯ ಕೊಡಿ."

ಮೊದಲ ಎರಡು ಬೇಡಿಕೆ ಸುರಕ್ಷತೆಯದ್ದೇ ಇರಲಿ. ಸಂಬಳದ ವಿಷಯದಲ್ಲಿ ಚೌಕಾಸಿ ನಡೆಯುತ್ತದೆ, ಸುಟ್ಟ ಹುಡುಗನ ವಿಷಯದಲ್ಲಿ "ಇಲ್ಲ" ಅಂತ ಬರೆದುಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ. ಸಹಿಗಳನ್ನು ಒಂದರ ಕೆಳಗೊಂದು ಹಾಕಬೇಡಿ, ಸುತ್ತಲೂ ದುಂಡಗೆ ಹಾಕಿ. ಮೊದಲ ಹೆಸರು ಯಾರದ್ದು ಅಂತ ಹುಡುಕುವುದು ಕಷ್ಟ ಆಗುತ್ತದೆ. 20 ಸಹಿ ಆಗುವವರೆಗೆ ಪತ್ರ ಕಳಿಸಬೇಡಿ. ಒಂದು ಪ್ರತಿ ಓನರ್‌ಗೆ, ಒಂದು ಕಾರ್ಮಿಕ ಅಧಿಕಾರಿಗೆ, ಎರಡನ್ನೂ ಒಂದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ. ಇಲಾಖೆಯಲ್ಲಿ ಕೈಯಾರೆ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಪೋಸ್ಟ್ ರಸೀದಿ, ಡೈರಿಗಳು, ಸಾಕ್ಷಿ ಬರೆದ ಹಾಳೆಗಳು ಯಾವುದನ್ನೂ ಸ್ಟಾಫ್ ರೂಮಿನ ಟ್ರಂಕಿನಲ್ಲಿ ಇಡಬೇಡಿ. ಫೋಟೊ ತೆಗೆದುಕೊಂಡು, ಒರಿಜಿನಲ್ಲನ್ನು ಮುಂದಿನ ಸಲ ಊರಿಗೆ ಹೋಗುವವರ ಕೈಯಲ್ಲಿ ಮನೆಗೆ ಕಳಿಸಿ.